ಮಾರ್ಜಿನ್ ಬಿಡದ ಬಟ್ಟೆ

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ತನ್ನ ಮುಂದೆ ಹೋಗುತ್ತಿದ್ದ ಹೆಂಗಸಿನ ಬೆನ್ನು ನೋಡಿ ಲಕ್ಷ್ಮೀಕಾಂತ ಮಾಸ್ತರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಗುರುತು ಸಿಕ್ಕಿತು. ಸಿಟ್ಟು ಬಂದದ್ದು ಕುರ್ತಾದ ಮೇಲೆ. ಸಾಸಿವೆ ಬಣ್ಣದ ಕಾಟನ್ನು, ಭುಜದಿಂದ ಮೊಣಕಾಲಿನವರೆಗೆ ನೀರಿನ ಕೊಳವೆಯ ಹಾಗೆ ಸೀದಾ ಇಳಿಯಬೇಕಾದದ್ದು, ಕಂಕುಳಿನ ಕೆಳಗೆ ಬಂದದ್ದೇ ಮನಸ್ಸು ಬದಲಾಯಿಸಿ ಎರಡೂ ಬದಿಗೆ ಅಗಲವಾಗುತ್ತ ಇಂಗ್ಲಿಷಿನ ಎ ಅಕ್ಷರದ ಹಾಗೆ ಕಾಲು ಚಾಚಿಕೊಂಡಿತ್ತು. ಯಾವನೋ ಒಬ್ಬ ಒಳ್ಳೆಯ ಸೀದಾ ಕಟಿಂಗನ್ನು ಕೊಂದಿದ್ದಾನೆ, ಕೊಂದು ಅದಕ್ಕೆ ಎ-ಲೈನ್ ಎಂದು ಹೆಸರಿಟ್ಟು ಕಳಿಸಿದ್ದಾನೆ ಎಂದುಕೊಂಡು ಮಾಸ್ತರ ಇನ್ನಷ್ಟು ಹತ್ತಿರ ಹೋದ. ಹೋದರೆ ಕುತ್ತಿಗೆಯ ಹಿಂದಿನ ಪಟ್ಟಿ ತನ್ನದು. ಪಟ್ಟಿಯ ತುದಿಯನ್ನು ಹಾಗೆ ಒಳಗೆ ಮಡಚಿ ಸೂಜಿ ಹಿಂದಕ್ಕೆ ಹೊಡೆಯುವ ಕೈ ಠಾಣೆ ಜಿಲ್ಲೆಯಲ್ಲಿ ಒಂದೇ ಇತ್ತು, ಇಡೀ ಭಾರತದಲ್ಲಿಯೂ ಇನ್ನೊಂದು ಇದ್ದೀತೆಂಬುದು ಮಾಸ್ತರನಿಗೆ ಅನುಮಾನ. ಪಟ್ಟಿಯ ಮೇಲೆ ತುರುಬು, ತುರುಬಿನಲ್ಲಿ ತಾನೇ ಕಲ್ಯಾಣದಿಂದ ತಂದುಕೊಟ್ಟಿದ್ದ ಕಂದು ಕ್ಲಿಪ್ಪು. ಮಂಡಿ ನೋಯುತ್ತದೆ, ಇಸ್ತ್ರಿಯ ರಾಶಿ ಇದೆ, ಇವತ್ತು ಹೊಸ್ತಿಲು ದಾಟುವುದಿಲ್ಲ ಎಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಡುವಾಗ ಹೇಳಿದ್ದ ಹೆಂಡತಿ ದಾನೇಶ್ವರಿ, ಅವನು ದಾರಿಯಲ್ಲಿ ಗುಂಡಿ ಕೊಳ್ಳುತ್ತ ನಿಂತ ಹೊತ್ತಿನಲ್ಲಿ ಮುಂದೆ ಬಂದು, ಕೈಯಲ್ಲೊಂದು ದಪ್ಪ ಚೀಲ ಹಿಡಿದುಕೊಂಡು, ಮಂಡಿಯ ನೆನಪೇ ಇಲ್ಲದವಳಂತೆ ಮೆಟ್ಟಿಲಿಳಿದು ಬದಲಾಪುರದ ಕಡೆಯ ಲೋಕಲ್ಲು ನಿಲ್ಲುವ ಪ್ಲಾಟ್‌ಫಾರ್ಮಿಗೆ ಹೋದಳು.

ಕೂಗಬಹುದಿತ್ತು. ಮಾಸ್ತರನ ಗಂಟಲೇನೂ ಸಣ್ಣದಲ್ಲ, ಠಾಣೆಯ ನೌಪಾಡಾದ ತನ್ನ ಹೊಲಿಗೆ ಅಂಗಡಿಯೊಳಗೆ ನಿಂತು ‘ಎದೆ ಮೂವತ್ತಾರು’ ಎಂದು ಕೂಗಿದರೆ ರಸ್ತೆಯಾಚೆಯ ಮಿಸಳ್ ಅಂಗಡಿಯವನು ಬೆಚ್ಚಿ ಎರಡು ಪ್ಲೇಟು ಹೆಚ್ಚು ಹಾಕುತ್ತಿದ್ದ. ಆದರೆ ಆ ಗಂಟಲು ಸೇತುವೆಯ ಮೇಲೆ ಕೆಲಸ ಮಾಡಲಿಲ್ಲ. ಇನ್ನೊಬ್ಬ ದರ್ಜಿ, ಎಂಬ ಎರಡೇ ಶಬ್ದ ಗಂಟಲಿಗೆ ಅಡ್ಡ ಕೂತಿದ್ದವು. ಬೇರೆಯವರ ಹೆಂಡಂದಿರು ಬೇರೆ ಗಂಡಸಿನ ಜೊತೆ ಸಿನಿಮಾಕ್ಕೆ ಹೋದರು, ಓಡಿಹೋದರು ಎಂಬ ಸುದ್ದಿಗಳನ್ನು ಅವನು ಗುಂಡಿ ಹಚ್ಚುತ್ತ ಕೇಳಿದ್ದ, ನಕ್ಕಿದ್ದ. ಲೇಡೀಸ್ ಟೇಲರನ ಹೆಂಡತಿ ಇನ್ನೊಬ್ಬ ಟೇಲರನ ಮುಂದೆ ಕೈಯೆತ್ತಿ ನಿಲ್ಲುವುದರ ಮುಂದೆ ಅವೆಲ್ಲ ಮಕ್ಕಳಾಟ. ಕೈಯೆತ್ತಿ ನಿಲ್ಲುವುದೆಂದರೆ ಏನು ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು. ಟೇಪು ಬೆನ್ನಿನ ಹಿಂದಿನಿಂದ ಬರುತ್ತದೆ, ಎರಡು ಬೆರಳು ಒಳಗಿರುತ್ತವೆ, ದರ್ಜಿ ಗೋಡೆಯ ಕ್ಯಾಲೆಂಡರು ನೋಡುತ್ತಾನೆ. ಒಳ್ಳೆಯ ದರ್ಜಿ ಕ್ಯಾಲೆಂಡರು ನೋಡುತ್ತಾನೆ. ಎಲ್ಲರೂ ಒಳ್ಳೆಯವರೆಂದು ಯಾರು ಹೇಳಬೇಕು. ಬದಲಾಪುರದ ಕಡೆಯ ಗಾಡಿ ಬಂತು, ಸಾಸಿವೆ ಬಣ್ಣ ಹೆಂಗಸರ ಡಬ್ಬಿಯೊಳಗೆ ಕರಗಿತು. ಮಾಸ್ತರ ಠಾಣೆಯ ಗಾಡಿ ಹತ್ತಿದ. ಅಲಮೇಲು ಮೇಡಂ ಬೆಳಿಗ್ಗೆಯೇ ಬರುತ್ತೇನೆಂದಿದ್ದರು, ಗಿರಾಕಿಗೆ ಕೊಟ್ಟ ಮಾತು ತಪ್ಪಿದವನಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಿಜವೇನೆಂದರೆ ಹಿಂದೆ ಹೋಗಿ ನೋಡಲು ಅವನಿಗೆ ಹೆದರಿಕೆಯಾಗಿತ್ತು.

ಡಬ್ಬಿಯಲ್ಲಿ ಕಬ್ಬಿಣದ ಸರಳಿಗೆ ಜೋತು ನಿಂತುಕೊಂಡು, ಯಾರದೋ ಬ್ಯಾಗು ಪಕ್ಕೆಲುಬಿಗೆ ಚುಚ್ಚುತ್ತಿರುವಾಗ, ತನ್ನ ಕಣ್ಣಿಗೆ ಹೀಗಾದದ್ದು ಹೇಗೆ ಎಂದು ಅವನು ಯೋಚಿಸಿದ. ಈ ಕಣ್ಣು ಸಾಮಾನ್ಯದ್ದಲ್ಲ. ಈ ಕಣ್ಣು ಅಳೆದ ಸೊಂಟಗಳನ್ನು ಗಂಟುಹಾಕಿ ಹಳಿಗುಂಟ ಹಾಸಿದರೆ ಠಾಣೆಯಿಂದ ಕರ್ಜತಿಗೆ ಹೋಗಿ ವಾಪಸು ಬಂದು ಇನ್ನೂ ಒಂದು ಪ್ಲಾಟ್‌ಫಾರ್ಮಿಗೆ ಸಾಲುವಷ್ಟು ಮಿಗುತ್ತಿತ್ತು. ಶಹಾಬಾದಿನಲ್ಲಿ ಹುಡುಗಿ ನೋಡಲು ಹೋದ ದಿವಸ, ದಾನೇಶ್ವರಿ ಚಹಾದ ತಟ್ಟೆ ಹಿಡಿದು ಬಾಗಿಲಿಂದ ಗೋಡೆಯತನಕ ನಡೆದದ್ದೆಷ್ಟೋ ಅಷ್ಟೇ; ಅಷ್ಟರಲ್ಲಿ ಭುಜ, ಎದೆ, ಸೊಂಟ ಎಲ್ಲ ಕಣ್ಣಿಗೆ ಬಿದ್ದು, ಟೇಪು ಮುಟ್ಟಿಸದೆ, ಯಾರನ್ನೂ ಕೇಳದೆ, ಮದುವೆಯ ಕುಪ್ಪಸ ಕತ್ತರಿಸಿ ಹೊಲಿದು ಕಳಿಸಿದ್ದ. ಎರಕ ಹೊಯ್ದ ಹಾಗೆ ಕೂತಿತ್ತು. ಬೀಗರು ಬಾಯಿ ತೆರೆದವರು ಊಟಕ್ಕೆ ಕೂತಾಗಲೇ ಮುಚ್ಚಿದ್ದು. ಈ ಕಥೆಯನ್ನು ಅವನು ಹತ್ತು ಸಾವಿರ ಸಲ ಹೇಳಿದ್ದಾನೆ. ಹೇಳಿದಾಗಲೆಲ್ಲ ದಾನೇಶ್ವರಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಿದ್ದಾಳೆ. ಆವತ್ತಿನ ಖಾಕಿ ಕಾಗದದ ಅಚ್ಚು, ದರ್ಜಿಗಳ ಭಾಷೆಯಲ್ಲಿ ಫರ್ಮಾ, ಇವತ್ತಿಗೂ ಅಂಗಡಿಯ ಮೊಳೆಗೆ ತೂಗುತ್ತಿತ್ತು. ಅವಳ ಕುಪ್ಪಸ, ಕುರ್ತಾ, ಎಲ್ಲವೂ ಹುಟ್ಟಿದ್ದು ಅದರಿಂದಲೇ. ಬೇರೆಯವರ ಬಟ್ಟೆಗೆ ಅವನು ಒಳಗಡೆ ಎರಡೂ ಬದಿ ದಂಡಿಯಾಗಿ ಮಾರ್ಜಿನ್ ಬಿಡುತ್ತಿದ್ದ, ನಾಳೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲು ಮಾಡಲಿಕ್ಕೆ. ಹೆಂಡತಿಯ ಬಟ್ಟೆಗೆ ಮಾತ್ರ ಒಂದು ನೂಲಿನಷ್ಟೂ ಬಿಡುತ್ತಿರಲಿಲ್ಲ. ಗೊತ್ತಿಲ್ಲದವರ ಮೈಗೆ ಮಾರ್ಜಿನ್ ಬೇಕು, ನನ್ನ ಹೆಂಡತಿ ನನಗೆ ಗೊತ್ತು ಎನ್ನುತ್ತಿದ್ದ. ಕೇಳಿದ ಹೆಂಗಸರೆಲ್ಲ ತಮ್ಮ ಗಂಡಂದಿರ ಕಡೆ ಒಂದು ನಮೂನೆ ನೋಡುತ್ತಿದ್ದರು.

ಮುಂಬ್ರಾ ದಾಟಿದಾಗ ಫೋನು ಮಾಡಿದ.

“ಎಲ್ಲಿದ್ದಿ?”

“ಎಲ್ಲಿರ್ತೀನ್ರಿ, ಮನಿಯಾಗೇ ಇದ್ದೀನಿ. ಇಸ್ತ್ರಿ ಮಾಡ್ಲಿಕತ್ತೀನಿ.”

ಅವಳ ಮಾತಿನ ಹಿಂದೆಯೇ ಒಂದು ಹೆಣ್ಣುದನಿ ಸ್ಪಷ್ಟವಾಗಿ, ಬಹಳ ಮರ್ಯಾದೆಯಿಂದ, ‘ಪುಢೀಲ್ ಸ್ಟೇಷನ್, ಅಂಬರನಾಥ್’ ಎಂದು ಮುಂದಿನ ಸ್ಟೇಷನ್ನನ್ನು ಸಾರಿತು.

“ಅದೇನದು?”

“ಟೀವಿರಿ. ಭಾಗ್ಯಾ ಹಚ್ಚಿಟ್ಟು ಕಾಲೇಜಿಗಿ ಹೋಗ್ಯಾಳ.”

ಎಷ್ಟು ಸಲೀಸಾಗಿ ಹೇಳಿದಳು. ಅಭ್ಯಾಸವಿದ್ದವರು ಮಾತ್ರ ಅಷ್ಟು ಸಲೀಸಾಗಿ ಹೇಳುತ್ತಾರೆ. ಹಾಗಾದರೆ ಇದು ಮೊದಲ ಸಲವಲ್ಲ. ಠಾಣೆಯಲ್ಲಿ ಇಳಿದು ಗುಂಪಿನ ನಡುವೆ ನಡೆಯುವಾಗ ಅವನಿಗೆ ಮುಂದಿನ, ಪಕ್ಕದ, ಎದುರಿನ ಪ್ರತಿಯೊಬ್ಬ ಹೆಂಗಸಿನ ಉಡುಪೂ ಒಂದೊಂದು ಮುಚ್ಚಿದ ಬಾಗಿಲಿನಂತೆ ಕಂಡಿತು. ಎ-ಲೈನಿನವಳು ತೊಡೆ ಮುಚ್ಚಿಕೊಂಡಿದ್ದಾಳೆ. ಎದೆಯ ಕೆಳಗೇ ಸೊಂಟ ಕಟ್ಟಿಕೊಂಡು ಅಲ್ಲಿಂದ ಬಟ್ಟೆ ಇಳಿಬಿಟ್ಟವಳು ಹೊಟ್ಟೆ ಮುಚ್ಚಿಕೊಂಡಿದ್ದಾಳೆ. ಛತ್ರಿಯ ಹಾಗೆ ಸುತ್ತ ಅರಳುವ ಘೇರು ಹಾಕಿದವಳು ಅದರೊಳಗೆ ಒಂದು ಸಂಸಾರವನ್ನೇ ಬಚ್ಚಿಡಬಹುದು. ಮೊಣಕಾಲಿನತನಕ ಬಿಗಿಯಾಗಿ ಬಂದು ಕೆಳಗೆ ಮೀನಿನ ಬಾಲದ ಹಾಗೆ ಬಿಚ್ಚಿಕೊಳ್ಳುವ ಗೌನು ಏನನ್ನೂ ಮುಚ್ಚುವುದಿಲ್ಲವೆಂದು ತೋರಿಸಿಕೊಳ್ಳುತ್ತದೆ, ಅದಕ್ಕೇ ಅದು ಎಲ್ಲಕ್ಕಿಂತ ಕಪಟಿ. ಒಂದೊಂದು ಆಕಾರವೂ ಒಂದೊಂದು ಸುಳ್ಳು. ಇಷ್ಟು ವರ್ಷ ತಾನು ಕೂತು ಹೊಲಿದದ್ದು ಸುಳ್ಳುಗಳನ್ನು; ಊರಿನ ಸುಳ್ಳನ್ನೆಲ್ಲ ಹೊಲಿಯುವವನಿಗೆ ಮನೆಯದು ಕಾಣಲಿಲ್ಲ. ಸೀದಾ ಕಟಿಂಗು ಒಂದೇ ಪ್ರಾಮಾಣಿಕ ಎಂದು ಅವನು ನಂಬಿದ್ದ. ಅದಕ್ಕೇ ಅವಳಿಗೆ ಯಾವಾಗಲೂ ಸೀದಾ.

ಅಲಮೇಲು ಘೋಡಬಂದರ್ ರಸ್ತೆಯ ಯಾವುದೋ ಗೋಪುರದಿಂದ ರಿಕ್ಷಾ ಹಿಡಿದು ಬಂದವಳು, ಬೆಂಗಳೂರಿನವಳು, ಬ್ಯಾಂಕಿನ ಕಂಪ್ಯೂಟರಿನ ಕೆಲಸ. ತಂಗಿಯ ನಿಶ್ಚಿತಾರ್ಥಕ್ಕೆ ಗೌನು ಬೇಕು ಎಂದು ಫೋನಿನಲ್ಲಿ, ಎದೆಯ ಕೆಳಗಿನಿಂದಲೇ ಬಟ್ಟೆ ಸಡಿಲಾಗಿ ಇಳಿಯುವ ಒಂದು ಚಿತ್ರ ತೋರಿಸಿದಳು.

“ಮಾಸ್ತರೇ, ಈ ಎಂಪೈರ್ ಸಿಲೂಯೆಟ್ ನಂಗೆ ಸೂಟ್ ಆಗತ್ತಾ? ಹೊಟ್ಟೆ ಕಾಣಬಾರದು, ಅಷ್ಟೇ.”

“ಹೊಟ್ಟೀನ ಇಲ್ಲಲ್ರಿ ಮೇಡಂ ನಿಮಗ. ಎಲ್ಲಿಂದ ಕಾಣಬೇಕು.”

“ನೋಡಿ, ಈ ಸಕ್ಕರೆ ಮಾತಿಗೆ ಅಷ್ಟು ದೂರದಿಂದ ಬರೋದು. ಅಳತೆ ತಗೊಳ್ಳಿ.”

“ನಿಮ್ಮ ಅಳತಿ ನನ್ನ ಕಣ್ಣಾಗದ. ಕಣ್ಣು ಮುಚ್ಚಿದ್ರ ನೀವೇ ಕಾಣ್ತೀರಿ.”

“ಅಯ್ಯೋ, ಹಾಗೆಲ್ಲ ಹೇಳ್ಬೇಡಿ, ನಮ್ಮನೆಯವರು ಕೇಳಿಸ್ಕೊಂಡ್ರೆ ನಿಮ್ಮ ಕತ್ತರಿ ಕಿತ್ಕೊಳ್ತಾರೆ.” ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಹೋದ್ಸಲದ್ದು ಬಿಗಿಯಾಗಿತ್ತು, ಗೊತ್ತಾ. ಸದ್ಯ, ಒಳಗೆ ಮಾರ್ಜಿನ್ ಇತ್ತು. ನಮ್ಮ ಸೊಸೈಟಿ ಬಿಲ್ಡಿಂಗ್ ಕೆಳಗೇ ಒಬ್ರು ಟೇಲರ್ ಕೂರ್ತಾರೆ, ಅವರ ಹತ್ರ ಬಿಚ್ಚಿಸಿಕೊಂಡೆ. ನಿಮ್ಮ ಹತ್ರ ಮತ್ತೆ ತರೋಕೆ ಸಂಕೋಚ. ನೀವು ಬೇಜಾರು ಮಾಡ್ಕೋತೀರಲ್ಲ,” ಎಂದಳು.

ಮಾಸ್ತರ ಟೇಪು ಎತ್ತಿಕೊಂಡ. ಇವಳೂ. ಸೊಸೈಟಿಯ ಕೆಳಗೆ ಕೂರುವವನು. ಎಷ್ಟು ಮಂದಿ ಹೀಗೆ ಅವನ ಬಟ್ಟೆಗಳನ್ನು ಗುಟ್ಟಾಗಿ ಬೇರೆ ಕಡೆ ಬಿಚ್ಚಿಸುತ್ತಿದ್ದಾರೆ, ಇಡೀ ಠಾಣೆ ತನ್ನ ಬೆನ್ನ ಹಿಂದೆ ಹೊಲಿಗೆ ಬಿಚ್ಚುತ್ತ ಕೂತಿದೆಯೆ. ಅಲಮೇಲು ಕೈಯೆತ್ತಿ ನಿಂತಳು, ಎಲ್ಲರ ಹಾಗೆ ಉಸಿರು ಒಳಗೆಳೆದು ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡಳು. ಇದಕ್ಕೆ ಅವನಲ್ಲಿ ಒಂದು ಮದ್ದಿತ್ತು. ಟೇಪು ಹಿಡಿದು ಸುಮ್ಮನೆ ಕ್ಯಾಲೆಂಡರು ನೋಡುತ್ತ ಏನಾದರೊಂದು ಬೇಡದ ಪ್ರಶ್ನೆ ಕೇಳುವುದು. ಉತ್ತರಿಸಲು ಬಾಯಿ ತೆರೆದರೆ ಉಸಿರು ಹೊರಗೆ, ಹೊಟ್ಟೆ ಹೊರಗೆ. ಆ ಚಣದಲ್ಲಿ ಟೇಪು ನಿಜ ಹೇಳುತ್ತದೆ. “ಬೆಂಗಳೂರಾಗ ಮಳಿ ಹ್ಯಾಂಗರೀ ಮೇಡಂ?” ಎಂದ. “ಅದ್ಯಾಕೆ ಕೇಳ್ತೀರಾ, ನಮ್ಮಮ್ಮ...” ಎಂದು ಅವಳು ಶುರುಮಾಡಿದಳು, ಮಾಸ್ತರ ನಿಜವನ್ನು ಹಿಡಿದ, ಹಿಡಿದು ಒಂದಿಂಚು ಕಮ್ಮಿ ಮಾಡಿ ಗಟ್ಟಿಯಾಗಿ ಹೇಳಿದ. ಕತ್ತರಿಸುವಾಗ ಆ ಇಂಚನ್ನು ಮರಳಿ ಸೇರಿಸಬೇಕು. ಅವಳಿಗೆ ಖುಷಿಯಾಯಿತು. ಬದಲಾಪುರದವನೂ ಹೀಗೆಯೇ ಕೇಳುತ್ತಾನೆಯೆ, ಶಹಾಬಾದಿನಾಗ ಮಳಿ ಹ್ಯಾಂಗದರೀ ಎಂದು. ಅವಳು ಉತ್ತರಿಸುತ್ತಾಳೆಯೆ. ನಗುತ್ತಾಳೆಯೆ. ಮೀಸೆ ಇದ್ದವನು ಎಂದು ಮಾಸ್ತರ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಬೆರಳಲ್ಲಿ ಉಂಗುರ, ಕ್ಯಾಲೆಂಡರೇ ಇಲ್ಲದ ಗೋಡೆ. ಮಧ್ಯಾಹ್ನವಾಗುವ ಹೊತ್ತಿಗೆ ಆ ಮನುಷ್ಯ ಆರಡಿ ಎತ್ತರ ಬೆಳೆದಿದ್ದ. ಅಲಮೇಲುವಿನ ಬಟ್ಟೆ ಹಾಸಿ ಗೆರೆ ಎಳೆಯಲು ಹೋದರೆ ಗೆರೆ ತಾನೇ ಸೊಟ್ಟಗೆ ಹೋಯಿತು. ಕತ್ತರಿ ಎತ್ತಲು ಧೈರ್ಯ ಬರದೆ, ಮೊಳೆಯಿಂದ ಖಾಕಿ ಫರ್ಮಾ ಇಳಿಸಿ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಟೇಪನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು, ಅಂಗಡಿಯ ಬಾಗಿಲು ಎಳೆದ.

ಮನೆಯಲ್ಲಿ ಮಗಳು ಭಾಗ್ಯಾ ಮಾತ್ರ ಇದ್ದಳು, ಕಾಲೇಜಿನಿಂದ ಬಂದವಳು ಫೋನಿನಿಂದ ತಲೆಯೆತ್ತಲಿಲ್ಲ.

“ಅವ್ವ ಎಲ್ಲಿಗಿ ಹೋಗ್ಯಾಳ?”

“ಮುಝೆ ಕ್ಯಾ ಪತಾ, ಪಪ್ಪಾ. ಆತೀ ಹೋಗೀ.” ನನಗೇನು ಗೊತ್ತು, ಬರುತ್ತಿರಬಹುದು ಎಂದು ಅವಳ ಹಿಂದಿ.

“ಟೀವಿ ನೀ ಹಚ್ಚಿಟ್ಟು ಹೋಗಿದ್ದೇನು?”

“ಟೀವಿ?” ಭಾಗ್ಯಾ ಈಗ ತಲೆಯೆತ್ತಿದಳು. “ವೋ ತೋ ಗಣಪತಿ ಸೇ ಬಂದ್ ಪಡಾ ಹೈ. ಆಪ್ ಹೀ ಬೋಲೇ ಥೇ, ಮೈಂ ಖುದ್ ರಿಪೇರ್ ಕರೂಂಗಾ.” ಎಂದು, ಹಬ್ಬದಿಂದ ಕೆಟ್ಟುಬಿದ್ದ ಟೀವಿಯನ್ನು ತಾನೇ ರಿಪೇರಿ ಮಾಡುತ್ತೇನೆಂದಿದ್ದ ಅಪ್ಪನ ಮಾತಿಗೆ ನಕ್ಕು, ಅವನ ಮುಖ ನೋಡಿ ನಗು ಅರ್ಧಕ್ಕೆ ಬಿಟ್ಟು, ಗೆಳತಿಯ ಮನೆಗೆ ಹೋಗಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದಳು.

ಅವನು ಕಪಾಟು ತೆರೆದ. ಹೆಂಡತಿಯ ಕಪಾಟನ್ನು ಕಳ್ಳನ ಹಾಗೆ ತೆರೆಯುತ್ತಿದ್ದೇನೆಂದು ಕೈಗೆ ಅನ್ನಿಸಿತು, ಆದರೂ ಕೈ ನಿಲ್ಲಲಿಲ್ಲ. ಮೊದಲು ಸಿಕ್ಕ ನೀಲಿ ಕುರ್ತಾವನ್ನು ಒಳಮಗ್ಗುಲು ತಿರುವಿದ. ಕಂಕುಳಿನಿಂದ ಅಂಚಿನವರೆಗೆ ಎರಡೂ ಬದಿ ಉದ್ದನೆಯ ತ್ರಿಕೋನದ ತುಂಡು ಸೇರಿಸಿತ್ತು, ನೀಲಿಗೆ ನೀಲಿ ಹೊಂದಿಸಿ, ಹೊರಗಿನಿಂದ ಯಾರಿಗೂ ಕಾಣದ ಹಾಗೆ. ಹೊಲಿಗೆಯಲ್ಲಿ ತಪ್ಪು ಹುಡುಕಿದ. ಸಿಗದಿದ್ದುದಕ್ಕೆ ಹೆಚ್ಚು ಉರಿಯಿತು. ಹಸಿರಿನದಕ್ಕೂ ತುಂಡು. ಮಗಳು ಹತ್ತನೇ ಕ್ಲಾಸು ಪಾಸಾದಾಗ ಹೊಲಿದ ಕೆಂಪಿಗೂ ತುಂಡು. ಕುಪ್ಪಸಗಳ ಬೆನ್ನನ್ನು ಕತ್ತರಿಸಿ ನಡುವೆ ಪಟ್ಟಿ ಕೊಟ್ಟಿತ್ತು. ಮಂಚದ ಮೇಲೆ ಒಂದೊಂದೇ ಎಸೆಯುತ್ತ ಹೋದ, ಅವನ ಕತ್ತರಿಯಿಂದ ಸೀದಾ ಹುಟ್ಟಿದ ಯಾವುದೂ ಸೀದಾ ಉಳಿದಿರಲಿಲ್ಲ, ಎಲ್ಲವೂ ಗುಟ್ಟಾಗಿ ಎ ಆಗಿದ್ದವು, ಅವನ ಕಣ್ಣೆದುರಿಗೇ ದಿನಾ ಚಹಾ ತಂದುಕೊಡುತ್ತ, ರೊಟ್ಟಿ ಬಡಿಯುತ್ತ, ಎ ಆಗಿ ತಿರುಗಾಡಿದ್ದವು. ಊರಿನ ಹೆಂಗಸರನ್ನೆಲ್ಲ ಅಳೆಯುವ ಕಣ್ಣು ಮನೆಯಲ್ಲಿ ಯಾವ ಕಡೆ ನೋಡುತ್ತಿತ್ತು. ಒಂದು ತುಂಡಿನ ಮೇಲೆ ಗುಲಾಬಿ ಸೀಮೆಸುಣ್ಣದ ಗುರುತು ಉಳಿದಿತ್ತು. ಅವನದು ಬಿಳಿ ಸೀಮೆಸುಣ್ಣ, ಯಾವಾಗಲೂ ಬಿಳಿ. ಗುಲಾಬಿ, ಎಂದು ಅವನು ಹಲ್ಲು ಕಚ್ಚಿದ, ಮೀಸೆಯವನ ಉಂಗುರದ ಬೆರಳಲ್ಲಿ ಗುಲಾಬಿ ಸೀಮೆಸುಣ್ಣ.

ಬಿಸಿಲು ಕಿಟಕಿಯ ಸರಳಿನಿಂದ ಇಳಿದಿರಲಿಲ್ಲ, ದಾನೇಶ್ವರಿ ಬಂದಳು. ಮಂಚದ ಮೇಲೆ ತಲೆಕೆಳಗಾಗಿ ಬಿದ್ದ ತನ್ನ ಬಟ್ಟೆಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಚೀಲ ಕೆಳಗಿಟ್ಟು ಮೊದಲು ನೀರು ಕುಡಿದಳು.

“ಯಾಂವ ಅವ?” ಎಂದ ಮಾಸ್ತರ.

“ಯಾಂವ ಅಂದ್ರ?”

“ಬದಲಾಪುರದಾಂವ. ನಿನಗ ಟೇಪ್ ಹಿಡಿಯಾಂವ.”

ಅವಳ ಬಾಯಿಯ ಒಂದು ಮೂಲೆ ಅಲುಗಿತು, ನಗುವೋ ಅಳುವೋ ತಿಳಿಯಲಿಲ್ಲ. “ಅಂವ ಅಲ್ಲರೀ, ಅಕಿ. ಚಂದ್ರಬಾಯಿ. ವಿಜಾಪುರದಾಕಿ, ನಮ್ಮ ಅಕ್ಕನ ನೆಗೆಣ್ಣಿಗಿ ಬೇಕಾದಾಕಿ. ಮೊಮ್ಮಕ್ಕಳು ಮದ್ವಿಗಿ ಬಂದಾರ ಅಕಿಗಿ. ಹೋಗಿ ಹೊಡದು ಬರ್ತೀರೇನು?”

ಆರಡಿಯ ಮನುಷ್ಯ ಮೀಸೆ ಸಮೇತ ಕಿಟಕಿಯಿಂದ ಹಾರಿಹೋದ. ಹಗುರಾಗಬೇಕಿತ್ತು. ಆಗಲಿಲ್ಲ. ಅವನು ಹೋದ ಜಾಗದಲ್ಲಿ ಇನ್ನೇನೋ ಬಂದು ಕೂತಿತು, ಅದಕ್ಕೆ ಮುಖವೂ ಇರಲಿಲ್ಲ, ಹೊಡೆಯಲಿಕ್ಕೂ ಬರುತ್ತಿರಲಿಲ್ಲ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ದೆ. ಭಾಗ್ಯಾ ಹುಟ್ಟಿದ ಮ್ಯಾಲ ಹೇಳಿದೆ, ಇಲ್ಲಿ ಬಿಗಿ ಆಗ್ತದರೀ ಅಂತ. ಕಾಟನ್ ಅದ, ಕುಗ್ಗ್ಯದ ಅಂದ್ರಿ. ಹೊಟ್ಟಿ ಆಪರೇಶನ್ ಆದ ಮ್ಯಾಲ ಹೇಳಿದೆ. ನೀರು ಸರಿ ಇಲ್ಲ ಡೊಂಬಿವಲಿದು, ಬಟ್ಟಿ ಕುಗ್ಗಸ್ತದ ಅಂದ್ರಿ. ಪಾಲಿಸ್ಟರ್ ಸುದ್ದಾ ಕುಗ್ಗ್ಯದ ಅಂದ್ರಿ ಒಂದ್ಸಲ. ಬಿಚ್ಚಬೇಕಂದ್ರ ಒಳಗ ಮಾರ್ಜಿನ್ ಇಲ್ಲ. ಏನ್ ಮಾಡ್ಲಿ? ಬಂದವರ ಮುಂದ ಇಕಿ ನನಗ ಗೊತ್ತು ಅಂತ ಹೇಳ್ಕೊಂತ ಕೂಡ್ತೀರಿ. ನಾ ಒಳಗ ಹೋಗಿ ಚಾ ಮಾಡ್ತೀನಿ.”

ಅವನು ಖಾಕಿ ಸುರುಳಿಯನ್ನು ಬಿಚ್ಚಿದ. ತನ್ನ ಸಾಕ್ಷಿಯನ್ನು ಕೋರ್ಟಿನಲ್ಲಿ ಹಾಜರು ಮಾಡುವವನ ಹಾಗೆ ಬಿಚ್ಚಿದ. “ಇದು ತಪ್ಪಿಲ್ಲ. ಮದ್ವಿ ಕುಪ್ಪಸ ಎರಕ ಹೊಯ್ದಂಗ ಕುಂತಿತ್ತು. ಅದರ ಮುಂದ ಹೇಳು.”

“ಅದೂ ಬಿಗಿ ಇತ್ತು,” ಎಂದಳು ದಾನೇಶ್ವರಿ.

ಕೆಳಗೆ ರಸ್ತೆಯಲ್ಲಿ ಯಾವುದೋ ರಿಕ್ಷಾ ಹಿಂದಕ್ಕೆ ಮುಂದಕ್ಕೆ ಮಾಡುತ್ತಿತ್ತು.

“ಅಕ್ಕ ಕಂಕುಳದಾಗ ಬಿಚ್ಚಿ ಪಿನ್ ಹಚ್ಚಿದ್ಲು. ಮ್ಯಾಲ ಸೆರಗು ಹೊದಿಸಿದ್ರು. ಅಕ್ಷತಿ ಬೀಳೂತನಕ ನಾ ಉಸಿರು ಹಿಡದು ನಿಂತಿದ್ದೆ. ನೀವು ನೋಡಿ ನೋಡಿ ನಕ್ಕೋತ ಇದ್ರಿ. ಅಷ್ಟು ಖುಷಿ ಇದ್ರಿ ನೀವು. ಹ್ಯಾಂಗ ಹೇಳಲಿ?”

ಮಾಸ್ತರ ಕೂತುಬಿಟ್ಟ. ಹತ್ತು ಸಾವಿರ ಸಲ. ಹತ್ತು ಸಾವಿರ ಸಲವೂ ಅವಳು ಚಹಾ ಸೋಸುತ್ತ ಗೋಡೆಯಾಚೆಯಿಂದ ಕೇಳಿದ್ದಾಳೆ, ಪ್ರತಿ ಸಲವೂ ಪಿನ್ನಿನ ನೆನಪಾಗಿರಬೇಕು. ಕಾಗದದ ಮೇಲಿದ್ದ ಹೆಂಗಸನ್ನು ನೋಡಿದ: ಸಮನಾದ ಎರಡು ಭುಜ, ಸಣ್ಣ ನಡು. ಹಾಗಾದರೆ ಇವಳು ಯಾರು. ಶಹಾಬಾದಿನ ಆ ಕೋಣೆಯಲ್ಲಿಯೂ ಇವಳಿರಲಿಲ್ಲ, ಚಹಾದ ತಟ್ಟೆಯ ಹಿಂದೆ ತಾನು ಅಂದುಕೊಂಡವಳೊಬ್ಬಳು ನಿಂತಿದ್ದಳು, ಅವಳಿಗೇ ಇಷ್ಟು ವರ್ಷ ಹೊಲಿದದ್ದು. ನಿಜದವಳು ಆ ಅಳತೆಯೊಳಗೆ ತೂರಿಕೊಂಡು ಬದುಕಿದ್ದಳು. ಎದುರಿಗೆ ನಿಂತವಳನ್ನು ಮೊದಲ ಸಲ ಕಂಡವನ ಹಾಗೆ ಅಳುಕಿನಿಂದ ನೋಡಿದ. ಬಲಭುಜ ಎಡಕ್ಕಿಂತ ಕೆಳಗಿತ್ತು. ಅವನ ಗಿರಾಕಿಗಳ ಬಟ್ಟೆಯನ್ನೆಲ್ಲ ದಿನಾ ಒತ್ತುವ ಆ ಭಾರದ ಇಸ್ತ್ರಿಪೆಟ್ಟಿಗೆಯ ಕಡೆಯ ಭುಜ. ಸಾಸಿವೆ ಕುರ್ತಾದ ಒಳಗೆ ಆ ಬದಿ ಸಣ್ಣದೊಂದು ಪ್ಯಾಡು ಇಟ್ಟು ಆದಷ್ಟು ಸಮ ಮಾಡಲಾಗಿತ್ತು. ಚಂದ್ರಬಾಯಿಗೆ ಕಂಡಿದೆ.

ಅವನು ಎದ್ದು ಕುತ್ತಿಗೆಯಿಂದ ಟೇಪು ತೆಗೆದ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು ಎರಡೂ ಕೈ ಎತ್ತಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಟೇಪು ಅವಳ ಬೆನ್ನ ಹಿಂದಿನಿಂದ ಸುತ್ತಿ ಬಂತು. ಬಂದು ಮುಟ್ಟಿದ್ದೇ ತಡ, ಅವಳು ಉಸಿರು ಒಳಗೆಳೆದು ಹೊಟ್ಟೆ ಹಿಡಿದುಕೊಂಡಳು, ಗಿರಾಕಿಗಳ ಹಾಗೆ, ಅಕ್ಷತೆಯ ಕೆಳಗೆ ನಿಂತ ಹಾಗೆ. ಅವನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಗೋಡೆಯ ಕಡೆ ನೋಡಿ ಕೇಳಿದ:

“ಶಹಾಬಾದಿನಾಗ ಮಳಿ ಹ್ಯಾಂಗದಂತ?”

“ಗಿರಾಕಿಗಿ ಕೇಳೋದು ನನಗ ಕೇಳಬ್ಯಾಡ್ರಿ,” ಎಂದಳು, ಹಲ್ಲು ಬಿಡದೆ, ಉಸಿರನ್ನೂ ಬಿಡದೆ.

ಟೇಪು ಕೈಯಲ್ಲೇ ಇತ್ತು. ಗೋಡೆಯಲ್ಲಿ ಕ್ಯಾಲೆಂಡರು ಇರಲಿಲ್ಲ, ಇದ್ದದ್ದು ಕೆಟ್ಟುಹೋದ ಟೀವಿ, ಅದರ ಕರಿ ಗಾಜಿನಲ್ಲಿ ಇಬ್ಬರ ಆಕಾರ ಮಸುಕಾಗಿ ನಿಂತಿತ್ತು, ಯಾವ ಕಟಿಂಗೂ ಅಲ್ಲದ ಆಕಾರ. ಅವನು ಗೋಡೆಯಿಂದ ಮುಖ ತಿರುಗಿಸಿದ. ಅಳತೆ ತೆಗೆಯುವಾಗ ಎಂದೂ ಯಾರ ಮುಖವನ್ನೂ ನೋಡಿದವನಲ್ಲ. ಅವಳ ಮುಖ ನೋಡಿದ.

“ಎಲ್ಲೆಲ್ಲಿ ಬಿಗಿ ಆಗ್ತದ? ಹೇಳು.”

ಇದರಲ್ಲೂ ಏನೋ ಮಸಲತ್ತಿದೆಯೆಂಬಂತೆ ಅವಳು ಅವನ ಎರಡು ಕಣ್ಣನ್ನೂ ಒಂದಾದ ಮೇಲೊಂದು ಪರೀಕ್ಷಿಸಿದಳು. ಕೈಗಳು ಎತ್ತಿದ ಹಾಗೇ ಇದ್ದವು, ಬಲಗೈ ಸ್ವಲ್ಪ ಕೆಳಗೆ. ಅವನು ಕಾದ. ಆಮೇಲೆ ಅವಳು, “ಕಂಕುಳದಾಗ,” ಎಂದಳು. “ಮತ್ತ ಇಲ್ಲಿ, ಡಾಕ್ಟರು ಹೊಲಿಗಿ ಹಾಕ್ಯಾರಲ್ಲ, ಅದರ ಮ್ಯಾಲ. ಕುಂತ್ರ ಕೊರೀತದ. ಮತ್ತ ತೋಳು, ಇಸ್ತ್ರಿ ಎತ್ತಿದಾಗ...” ಎಂದು ಹೇಳುತ್ತ ಹೋದಳು, ಉಸಿರು ಹೊರಗೆ ಬಂತು, ಹೊಟ್ಟೆ ಬಂದು ಟೇಪಿನ ಮೇಲೆ, ಅವನ ಬೆರಳುಗಳ ಮೇಲೆ ಬೆಚ್ಚಗೆ ಕೂತಿತು. ಅವಳು ಇನ್ನೂ ಹೇಳುತ್ತಿದ್ದಳು. ಮಾಸ್ತರ ಅಂಕಿ ನೋಡುವುದನ್ನು ಮರೆತ.